ಶನಿವಾರದ ಕೈವಾರ

ಗುಬ್ಬಿ,
ಈಶ್ವರ ಸಂವತ್ಸರ, ವೈಶಾಖ ಬಹುಳ ಏಕಾದಶಿ, ಭಾನುವಾರ
೧–೬–೧೯೯೭

ಚಿರಂಜೀವಿ ಸೌಭಾಗ್ಯವತಿ ವನಜಾಕ್ಷಿಗೆ,

ನಿನ್ನ ಮಾವ ಮನಸಾರೆ ಹರಸಿ ಬರೆಯುವುದೇನೆಂದರೆ, ಲಕ್ಷ್ಮೀನರಸಿಂಹಸ್ವಾಮಿಯ ಕೃಪೆಯಿಂದ ಇಲ್ಲಿ ನಾವೈವರೂ ಸುಖವಾಗಿದ್ದೇವೆ. ನಿನ್ನ ಕಾಲಿನ ಬಾವು ಇಳಿಯಿತೆ? ನಿದ್ರೆ ಸರಿಯಾಗಿ ಬರುತ್ತಿದೆಯೆ? ಅಮೃತೂರಿನಲ್ಲಿ ಸೆಕೆ ಇನ್ನೂ ಇಳಿದಿಲ್ಲವೆಂದು ಕೇಳಿದೆ. ಎಳನೀರು ನಿಮ್ಮ ತೋಟದಲ್ಲೇ ಇರುವಾಗ ಅದನ್ನು ಕುಡಿಯುವುದಕ್ಕೆ ಯಾರಿಂದಲೂ ಹೇಳಿಸಿಕೊಳ್ಳಬೇಡ. ನಿನಗೆ ಬೇರೆಯವರ ಬಾಯಾರಿಕೆ ನೆನಪಾಗುವಷ್ಟು ಬೇಗ ನಿನ್ನ ಬಾಯಾರಿಕೆ ನೆನಪಾಗುವುದಿಲ್ಲವೆಂಬುದು ನನಗೆ ಗೊತ್ತಿದೆ. ನಿನ್ನ ಅತ್ತೆಗೆ ಮಂಡಿನೋವು ಎಂದಿನಷ್ಟೇ ಇದೆ. ಕೋಪ ಎಂದಿಗಿಂತ ಹೆಚ್ಚಾಗಿದೆ. ಅದಕ್ಕೆ ಕಾರಣ ನಾನೇ.

ನಿನ್ನ ತಂದೆ ಕೆಂಪಯ್ಯನವರ ಕಾರ್ಡು ಬುಧವಾರ ಕೈಸೇರಿತು. ಮಗು ಹೊಟ್ಟೆಯಲ್ಲಿ ತಲೆ ಮೇಲಾಗಿ ಕುಳಿತಿರುವುದರಿಂದ ಹೆರಿಗೆಯನ್ನು ಶಸ್ತ್ರಕ್ರಿಯೆಯ ಮೂಲಕವೇ ಮಾಡಿಸಬೇಕು, ಕುಣಿಗಲ್ಲಿನ ಆಸ್ಪತ್ರೆಗೆ ಅರಿವಳಿಕೆ ಕೊಡುವ ವೈದ್ಯರು ಬರುವುದು ಶನಿವಾರ ಮಾತ್ರ, ಆದುದರಿಂದ ಬರುವ ಶನಿವಾರವೇ ಆಗಬೇಕು, ಮತ್ತೊಂದು ವಾರ ಕಾಯುವುದಾಗಲಿ ದೂರದ ಊರಿಗೆ ಪ್ರಯಾಣ ಮಾಡಿಸುವುದಾಗಲಿ ಕ್ಷೇಮವಲ್ಲ ಎಂದು ಡಾಕ್ಟರಮ್ಮ ಹೇಳಿದರೆಂದು ಬರೆದಿದ್ದಾರೆ. ಅಷ್ಟಕ್ಕೇ ನಿಲ್ಲಿಸದೆ, ‘ಮಾವನೋರು ಹೂಂ ಅನ್ನದೆ ನಾನು ಆ ಮಂಚ ಹತ್ತಲ್ಲ’ ಎಂದು ನೀನು ಹಟ ಹಿಡಿದಿರುವುದನ್ನೂ ಕಾರ್ಡಿನ ಅಂಚಿನಲ್ಲಿ ಇರುವೆಯ ಸಾಲಿನಂತೆ ಬರೆದಿದ್ದಾರೆ. ನನ್ನ ಕನ್ನಡಕಕ್ಕೆ ಆ ಸಾಲು ಎಟುಕಲಿಲ್ಲ. ಮೊಮ್ಮಗಳು ಸಂಧ್ಯಾ ಓದಿ ಹೇಳಿದಳು. ಅಂಚೆಯವನು ಮೊದಲೇ ಓದಿಕೊಂಡು ಬಂದಿದ್ದನೆಂದು ತೋರುತ್ತದೆ. ಕಾರ್ಡು ಕೊಟ್ಟ ಮೇಲೂ ಹೋಗದೆ, ನಾನು ಏನು ಹೇಳುವೆನೋ ಎಂದು ಜಗುಲಿಯಲ್ಲೇ ನಿಂತಿದ್ದ.

ನಮ್ಮ ಮನೆಯಲ್ಲಿ ಶನಿವಾರ ಕಬ್ಬಿಣವನ್ನು ಕೊಳ್ಳುವುದಿಲ್ಲ, ಹೊಸ ಕಬ್ಬಿಣವನ್ನು ಹೊಸ್ತಿಲೊಳಗೆ ತರುವುದಿಲ್ಲ, ಕಬ್ಬಿಣದ ಉಪಕರಣದಿಂದ ಯಾವ ಶುಭಕಾರ್ಯವನ್ನೂ ಆರಂಭಿಸುವುದಿಲ್ಲ. ನನ್ನ ತಾತನವರ ಕಾಲದಿಂದ ನಡೆದುಬಂದ ಈ ನಿಯಮವನ್ನು ನೀನು ಬಂದ ಮೇಲೆ ನನಗಿಂತ ನಿಷ್ಠೆಯಿಂದ ಪಾಲಿಸಿದ್ದೀಯೆ. ಒಮ್ಮೆ ಶನಿವಾರ ಸೂಜಿ ಮುರಿದಾಗ, ಎದುರಿನ ಅಂಗಡಿಯಲ್ಲಿ ಸೂಜಿ ಇದ್ದರೂ ನಿನ್ನ ಗಂಡ ಕೃಷ್ಣಕುಮಾರನನ್ನು ಗುಂಡಿಯಿಲ್ಲದ ಅಂಗಿಯಲ್ಲೇ ಮದುವೆಗೆ ಕಳುಹಿಸಿದವಳು ನೀನು. ಅಂಥದರಲ್ಲಿ ಶನಿವಾರ, ಶಸ್ತ್ರ, ಅದೂ ನಿನ್ನ ಮೇಲೆ ಎಂದರೆ ನನ್ನ ಮನಸ್ಸು ಹಿಂಜರಿಯಿತು. ನಿಯಮ ಮೀರಿದರೆ ನಿನಗೇನಾದರೂ ಆದೀತೆಂಬ ಭಯ ಒಂದು ಕಡೆ, ಮೀರದಿದ್ದರೆ ನಿನಗೇನಾದರೂ ಆದೀತೆಂಬ ಭಯ ಮತ್ತೊಂದು ಕಡೆ. ಪಂಚಾಂಗ ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ. ನಿನ್ನ ಅತ್ತೆ ಕಾರ್ಡು ಬಂದಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಕಾಫಿಯ ಲೋಟವನ್ನು ಪಕ್ಕದಲ್ಲಿ ಕುಕ್ಕಿ, ಅದರ ಸದ್ದಿನಲ್ಲೇ ಹೇಳಬೇಕಾದುದನ್ನೆಲ್ಲ ಹೇಳಿ ಒಳಗೆ ಹೋಗುತ್ತಾಳೆ. ನನ್ನ ಉತ್ತರವನ್ನು ಈ ಕಾಗದದ ಕೊನೆಯಲ್ಲಿ ಬರೆಯುತ್ತೇನೆ. ಮೊದಲೇ ಅಲ್ಲಿಗೆ ಕಣ್ಣು ಹಾಯಿಸಬೇಡ. ನಿನ್ನ ಮಕ್ಕಳಿಗೆ ಶಾಲೆಯ ಸಾಮಾನು ಕೊಳ್ಳಲು ನಿನ್ನೆ ತುಮಕೂರಿಗೆ ಹೋಗಿದ್ದೆನಷ್ಟೆ. ಆ ಉತ್ತರ ಹುಟ್ಟಿದ್ದು ಅಲ್ಲಿ.

ಈ ಕೆಲಸವನ್ನು ಶನಿವಾರಕ್ಕೆ ಇಟ್ಟುಕೊಂಡದ್ದು ಏಕೆಂದು ನೀನು ಕೇಳಬಹುದು. ವಿದ್ಯೆಯ ಸಾಮಗ್ರಿಗೆ ಗುರುವಾರವೇ ಪ್ರಶಸ್ತವೆಂದು ನಾನು ನಿಶ್ಚಯಿಸಿದ್ದೆ. ಬುಧವಾರದ ಗಾಳಿಗೆ ತೆಂಗಿನ ಮರಗಳು ತಂತಿಯ ಮೇಲೆ ಬಿದ್ದು, ವಿದ್ಯುತ್ ಮಂಡಳಿಯವರು ಕೃಷ್ಣಕುಮಾರನನ್ನು ದುರಸ್ತಿಯ ಕೆಲಸಕ್ಕೆ ಕರೆದೊಯ್ದವರು ಇನ್ನೂ ಪೂರ್ತಿಯಾಗಿ ಹಿಂತಿರುಗಿಸಿಲ್ಲ. ಉಣ್ಣುವುದಕ್ಕೆ ಬರುತ್ತಾನೆ, ಉಣ್ಣುತ್ತಲೇ ನಿದ್ರಿಸುತ್ತಾನೆ. ಶುಕ್ರವಾರ ಕಡಬದ ಗೃಹಪ್ರವೇಶದಲ್ಲಿ ಪುರಾಣ ಹೇಳುವುದಾಗಿ ನಾನು ಮಾತು ಕೊಟ್ಟಿದ್ದೆ. ಇಂದು ಏಕಾದಶಿಯ ಉಪವಾಸ, ಪೇಟೆಯ ಅಂಗಡಿಗಳಿಗೂ ಅರ್ಧ ಬಾಗಿಲು. ನಾಳೆ ಶಾಲೆ ತೆರೆಯುತ್ತದೆ. ಸಂಧ್ಯಾ ತುಮಕೂರಿನ ಹೈಸ್ಕೂಲಿಗೆ ಎಂಟನೆಯ ತರಗತಿಗೆ ಹೋಗುವವಳು. ರವೀಶ್ ಇಲ್ಲಿಯೇ ಮೂರನೆಯ ತರಗತಿ. ಹೀಗೆ ಉಳಿದುದು ಶನಿವಾರವೊಂದೇ. ಕಬ್ಬಿಣವೊಂದನ್ನು ಬಿಟ್ಟು ಉಳಿದುದೆಲ್ಲವನ್ನೂ ಕೊಂಡರಾಯಿತು, ಪುಸ್ತಕವೇನು ಕಬ್ಬಿಣದ್ದಲ್ಲವಲ್ಲ ಎಂದುಕೊಂಡು ಬೆಳಗಿನ ಪ್ಯಾಸೆಂಜರ್ ರೈಲು ಹತ್ತಿದೆವು. ಈಗಿನ ಮಕ್ಕಳ ವಿದ್ಯಾಭ್ಯಾಸದಲ್ಲಿ ಎಷ್ಟು ಕಬ್ಬಿಣವಿದೆಯೆಂಬುದು ನನಗೆ ತಿಳಿದಿರಲಿಲ್ಲ.

ರೈಲಿನಲ್ಲೇ ಪೀಠಿಕೆಯಾಯಿತು. ನಿಯಮವನ್ನು ಮಕ್ಕಳಿಗೆ ವಿವರಿಸಿದೆ. ರವೀಶ್ ಕಿಟಕಿಯ ಸರಳನ್ನು ಹಿಡಿದುಕೊಂಡೇ, ‘ತಾತ, ಈ ರೈಲು ಕಬ್ಬಿಣ ಅಲ್ವಾ?’ ಎಂದ. ರೈಲನ್ನು ನಾವು ಕೊಂಡಿಲ್ಲ, ಅದರೊಳಗೆ ಕುಳಿತಿದ್ದೇವೆ ಅಷ್ಟೆ, ಕೊಂಡದ್ದು ಟಿಕೆಟನ್ನು, ಅದು ಕಾಗದದ್ದು ಎಂದು ಸಮಾಧಾನ ಹೇಳಿದೆ. ಅಷ್ಟರಲ್ಲಿ ಅವನು ಚಡ್ಡಿಯ ಜೇಬಿನಿಂದ ಉಂಗುರದಾಕಾರದ ಕಪ್ಪು ವಸ್ತುವೊಂದನ್ನು ತೆಗೆದು ಸರಳಿಗೆ ಮುಟ್ಟಿಸಿದ; ಟಕ್ಕೆಂದು ಅಂಟಿಕೊಂಡಿತು. ನಮ್ಮ ಹಳೆಯ ರೇಡಿಯೋವಿನ ಸ್ಪೀಕರನ್ನು ಬಿಚ್ಚಿದಾಗ ಸಿಕ್ಕ ಅಯಸ್ಕಾಂತವಂತೆ. ರೇಡಿಯೋವನ್ನು ಬಿಚ್ಚಿದವರು ಯಾರು ಎಂಬ ವಿಚಾರಣೆಯನ್ನು ನೀನು ಬಂದ ಮೇಲೆ ನಡೆಸತಕ್ಕದ್ದು. ಸಂಧ್ಯಾ ಅದನ್ನು ಅವನ ಕೈಯಿಂದ ತೆಗೆದುಕೊಂಡು, ಸ್ವಲ್ಪ ಹೊತ್ತು ಅಂಗೈಯಲ್ಲಿಟ್ಟು ನೋಡಿ, ‘ತಾತ, ಮ್ಯಾಗ್ನೆಟ್‌ಗೆ ಅಂಟಿದ್ರೆ ಕಬ್ಬಿಣ. ಅಂಟ್ಲಿಲ್ಲ ಅಂದ್ರೆ ಕಬ್ಬಿಣ ಅಲ್ಲ. ಒಪ್ತೀರಾ?’ ಎಂದು ಕೇಳಿದಳು. ಪ್ರತ್ಯಕ್ಷ ಪ್ರಮಾಣವನ್ನು ಯಾವ ಶಾಸ್ತ್ರವೂ ತಳ್ಳಿಹಾಕುವುದಿಲ್ಲವೆಂದು ಹೇಳಿ ಸಂತೋಷದಿಂದ ಒಪ್ಪಿದೆ. ಹೈಸ್ಕೂಲಿಗೆ ಕಾಲಿಡುವ ಮುನ್ನವೇ ಹುಡುಗಿಗೆ ಪ್ರಮಾಣವಿಚಾರದಲ್ಲಿ ಆಸಕ್ತಿ ಹುಟ್ಟಿತೆಂದು ನನಗೆ ಹೆಮ್ಮೆಯೂ ಆಯಿತು.

ಮೊದಲು ಮಂಡಿಪೇಟೆಯ ಪಾತ್ರೆ ಅಂಗಡಿ. ಸಂಧ್ಯೆಗೆ ಊಟದ ಡಬ್ಬಿ ಬೇಕಿತ್ತು. ಅಂಗಡಿಯವನು ಸ್ಟೀಲಿನ ಡಬ್ಬಿ ತೋರಿಸಿದ. ನಾನು ಅನುಮಾನಿಸಿದೆ. ಸಂಧ್ಯಾ ಅಯಸ್ಕಾಂತವನ್ನು ಮುಚ್ಚಳಕ್ಕೆ ಹಿಡಿದಳು, ತಳಕ್ಕೆ ಹಿಡಿದಳು, ಪಕ್ಕಕ್ಕೆ ಹಿಡಿದಳು. ಅದು ಅಪರಿಚಿತರ ಮನೆಗೆ ಬಂದಂತೆ ಎಲ್ಲಿಯೂ ನಿಲ್ಲದೆ ಜಾರಿತು. ಆಗ ನಾನು, ಸ್ಟೀಲು ಹುಟ್ಟಿನಿಂದ ಕಬ್ಬಿಣದ ವಂಶದ್ದೇ ಆದರೂ ಬೇರೆ ಲೋಹಗಳೊಡನೆ ಬೆರೆತು ಗೋತ್ರಾಂತರ ಹೊಂದಿದೆ, ಮದುವೆಯಾಗಿ ಬಂದ ಹೆಣ್ಣುಮಗಳನ್ನು ತವರಿನ ಹೆಸರಿನಿಂದ ಕರೆಯುವುದುಂಟೆ ಎಂದು ಅಂಗಡಿಯವನಿಗೂ ಕೇಳುವಂತೆ ನಿರ್ಣಯ ಕೊಟ್ಟೆ. ಅವನು ತಲೆಯಾಡಿಸಿ, ಹಾಗೆಯೇ ಮನೆಗೊಂದು ಸ್ಟೀಲಿನ ಕೊಡವನ್ನೂ ಒಯ್ಯಬಹುದಲ್ಲ ಎಂದ. ಸಂಧ್ಯಾ ಮಾತ್ರ ಡಬ್ಬಿಯನ್ನು ಎದೆಗೊತ್ತಿಕೊಂಡು, ‘ಹಂಗಾದ್ರೆ ಸ್ಟೀಲು ಕಬ್ಬಿಣ ಅಲ್ಲ ಅಂತ ಆಯ್ತು ತಾನೇ ತಾತ?’ ಎಂದು ಖಚಿತಪಡಿಸಿಕೊಂಡಳು. ಆಯಿತು ಎಂದೆ. ಬೀದಿಗಿಳಿದ ಮೇಲೆ ಮತ್ತೊಮ್ಮೆ ಕೇಳಿದಳು. ಮತ್ತೊಮ್ಮೆ ಆಯಿತು ಎಂದೆ.

ರವೀಶನ ಬೂಟಿನ ಅಂಗಡಿಯಲ್ಲಿ ಬಕ್ಕಲಿಗೆ ಹಿಡಿದರೆ ಅಂಟಲಿಲ್ಲ, ಹಿತ್ತಾಳೆಯಂತೆ. ಬೆಳೆಯುವ ಕಾಲು ಎಂದು ಒಂದಳತೆ ದೊಡ್ಡದನ್ನೇ ಆರಿಸಿ, ಮುಂದಕ್ಕೆ ಕಾಗದ ತುರುಕಿಸಿದೆ. ಈಗ ಅವನು ನಡೆದರೆ ಮೊದಲು ಅವನು ಬರುತ್ತಾನೆ, ಸ್ವಲ್ಪ ಹೊತ್ತಿನ ಮೇಲೆ ಬೂಟು ಬರುತ್ತದೆ. ಕೊಡೆಯ ಅಂಗಡಿಯಲ್ಲಿ ತೊಡಕಾಯಿತು. ಗುಂಡಿ ಒತ್ತಿದರೆ ತಾನೇ ಬಿಚ್ಚಿಕೊಳ್ಳುವ ಕೊಡೆಯ ಮೇಲೆ ಅವನಿಗೆ ಬೇಸಿಗೆಯುದ್ದಕ್ಕೂ ಆಸೆಯಿತ್ತು. ಅಯಸ್ಕಾಂತ ಅದರ ಕಡ್ಡಿಗೆ ಇನ್ನೂ ಮುಟ್ಟುವ ಮೊದಲೇ ಹಾರಿ ಅಂಟಿತು. ಅವನು ಬೀದಿಯಲ್ಲೇ ಕಾಲು ಬಡಿದು, ‘ನಿಂದೇ ಎಲ್ಲಾ ಕಣೇ, ನನ್ ಮ್ಯಾಗ್ನೆಟ್ ಕೊಡು’ ಎಂದು ಅಕ್ಕನ ಜಡೆಗೆ ಕೈಹಾಕಿದ. ಕಡೆಗೆ ಪ್ಲಾಸ್ಟಿಕ್ಕಿನ ಮಳೆಯಂಗಿ ಕೊಡಿಸಿದೆ. ಅದೂ ಬೆಳವಣಿಗೆಗೆ ಅವಕಾಶವಿಟ್ಟುಕೊಂಡೇ ಕೊಂಡದ್ದರಿಂದ ಹಿಮ್ಮಡಿಯನ್ನು ದಾಟುತ್ತದೆ. ಅದನ್ನು ತೊಟ್ಟ ಕೂಡಲೇ ಅವನ ಅಳು ನಿಂತಿತು. ಆದರೆ ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ತಲೆಗವಸನ್ನೂ ಹಾಕಿಕೊಂಡು, ಬೆವರು ಸುರಿಸುತ್ತ, ಬೂಟು ಬಡಿಯುತ್ತ ಇಡೀ ಪೇಟೆಯನ್ನು ಸುತ್ತಿದ. ಬಿಚ್ಚು ಎಂದರೆ ಬಿಚ್ಚಲಿಲ್ಲ. ತುಮಕೂರಿನ ಜನ ದಾರಿ ಬಿಟ್ಟುಕೊಟ್ಟರು.

ಚಿಕ್ಕಪೇಟೆಯಲ್ಲಿ ಚನ್ನವೀರಯ್ಯನೆಂಬುವನ ಪುಸ್ತಕದ ಅಂಗಡಿಯ ಮುಂದೆ ಜಾತ್ರೆಯಂತೆ ಜನ. ಒಳಗಿನಿಂದ ನೋಟ್ ಪುಸ್ತಕಗಳನ್ನು ಇಟ್ಟಿಗೆಯಂತೆ ಕೈಯಿಂದ ಕೈಗೆ ಎಸೆಯುತ್ತಿದ್ದರು. ನಾವು ಪುಸ್ತಕ, ಕಂದು ಕಾಗದ, ಹೆಸರಿನ ಚೀಟಿ ಇವನ್ನೆಲ್ಲ ಸುಲಭವಾಗಿ ಕೊಂಡೆವು. ಪೆನ್ನಿನ ಕೊಕ್ಕೆಗೆ ಸಂಧ್ಯಾ ಅಯಸ್ಕಾಂತ ಹಿಡಿಯುತ್ತಿದ್ದುದನ್ನು ಪಕ್ಕದಲ್ಲಿದ್ದ ನಿಂಗಮ್ಮನೆಂಬ ಹೆಂಗಸು ಕಂಡಳು. ಮೊಮ್ಮಗನಿಗಾಗಿ ಬ್ಯಾಗು ಕೊಳ್ಳಲು ಬಂದವಳು. ವಿಷಯ ಕೇಳಿ, ‘ಅಯ್ಯೋ, ನಂಗೆ ಶನಿವಾರ ಅನ್ನೋದೇ ಮರ್ತೋಗಿತ್ತು. ಇದ್ಕೂ ಒಸಿ ಇಡಿದು ನೋಡವ್ವ’ ಎಂದು ಬ್ಯಾಗನ್ನು ಮುಂದೆ ಹಿಡಿದಳು. ಬ್ಯಾಗಿನ ಬಕ್ಕಲು ಅಂಟಿತು. ಅವಳು ಬ್ಯಾಗನ್ನು ಹಿಂದಕ್ಕೆ ಕೊಟ್ಟಳು. ಅವಳ ಹಿಂದಿನವಳು ತನ್ನದನ್ನು ಚಾಚಿದಳು. ಸ್ವಲ್ಪ ಹೊತ್ತಿನಲ್ಲೇ ನಮ್ಮ ಸಂಧ್ಯೆಯ ಮುಂದೆ ಒಂದು ಸಾಲು, ಚನ್ನವೀರಯ್ಯನ ಮುಂದೆ ಹಿಂದಿರುಗಿದ ಬ್ಯಾಗುಗಳದೊಂದು ರಾಶಿ ಏರ್ಪಟ್ಟವು. ಅವನು ಕೈಮುಗಿದು, ‘ತಾಯಿ, ಮೊಳೆ ಅಂಗ್ಡಿ ಎದ್ರುಗಡೆ ಐತೆ, ಅಲ್ಲಿಗೋಗಿ ಇಡಿ ಆ ಸೂಜಿಗಲ್ಲ. ನಾನು ಪುಸ್ತಕ ಮಾರೋನು’ ಎಂದ. ನಾನು ನಿಯಮದ ಹಿನ್ನೆಲೆಯನ್ನು ಅವನಿಗೆ ಸಾವಕಾಶವಾಗಿ ತಿಳಿಸಲು ತೊಡಗಿದೆ. ಅವನು ಇನ್ನಷ್ಟು ಬೇಗ ಕೈಮುಗಿದ.

ಕೊನೆಗೆ ಉಳಿದುದು ಜಾಮಿಟ್ರಿ ಬಾಕ್ಸ್. ಅದಿಲ್ಲದೆ ಎಂಟನೆಯ ತರಗತಿಯ ಗಣಿತದ ಮೇಷ್ಟ್ರು ಒಳಗೆ ಕೂರಿಸುವುದಿಲ್ಲವೆಂದು ಅವಳ ಗೆಳತಿಯರೆಲ್ಲ ಹೆದರಿಸಿದ್ದಾರೆ. ಬಾಕ್ಸ್ ಪ್ಲಾಸ್ಟಿಕ್ಕಿನದೇ ಇತ್ತು. ಒಳಗಿದ್ದ ಕೈವಾರ ಮಾತ್ರ ಅಯಸ್ಕಾಂತಕ್ಕೆ ಭದ್ರವಾಗಿ ಅಂಟಿತು. ವೃತ್ತ ಎಳೆಯುವ ಆ ಸಣ್ಣ ಉಪಕರಣ ಅವಳ ಕೈಯಲ್ಲಿ ತಲೆಕೆಳಗಾಗಿ ತೂಗುತ್ತಿತ್ತು. ಅವಳು ಅತ್ತಾಳು, ವಾದಿಸಿಯಾಳು ಎಂದು ನಾನು ಉತ್ತರಗಳನ್ನು ಸಿದ್ಧಪಡಿಸಿಕೊಂಡೆ. ಅವಳು ಕೈವಾರವನ್ನು ಬಿಡಿಸಿ ಗಾಜಿನ ಮೇಲಿಟ್ಟು, ‘ಇರ್ಲಿ ಬುಡಿ ತಾತ. ಇದು ಅಂಟ್ತು, ಇದು ಬೇಡ. ಅಂಟದೇ ಇರೋದಕ್ಕೆ ಹೂಂ ಅಂತೀರಲ್ಲ, ಅಷ್ಟು ಸಾಕು’ ಎಂದಳು. ಇಷ್ಟು ವಿನಯ ಈ ಹುಡುಗಿಗೆ ಎಲ್ಲಿಂದ ಬಂತೆಂದು ನಾನು ಬೆರಗಾದೆ. ಚನ್ನವೀರಯ್ಯನೇ ದಾರಿ ತೋರಿಸಿದ: ಕೈವಾರವೊಂದು ತನ್ನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇರಲಿ, ಸೋಮವಾರ ಶಾಲೆಗೆ ಹೋಗುತ್ತ ಕಾಸು ಕೊಟ್ಟು ಒಯ್ಯಲಿ, ಇವತ್ತಿಗೆ ದಯವಿಟ್ಟು ಎಲ್ಲರೂ ಹೊರಡಿ ಎಂದ.

ಮಕ್ಕಳಿಗೆ ಹೋಟೆಲಿನಲ್ಲಿ ದೋಸೆ ಕೊಡಿಸಿದೆ. ರವೀಶ್ ಮಳೆಯಂಗಿಯಲ್ಲೇ ತಿಂದ. ಸಂಧ್ಯಾ ಅರ್ಧ ಬಿಟ್ಟಳು. ಆಗಲೇ ನನಗೆ ಅರಿವಾದುದು, ಬೆಳಗಿನಿಂದ ಆ ಹುಡುಗಿ ತನಗೆಂದು ಬಾಯಿಬಿಟ್ಟು ಏನನ್ನೂ ಬೇಡಿರಲಿಲ್ಲ. ಬೂಟು ಬೇಡವೆ ಎಂದರೆ ಹಳೆಯದೇ ಸಾಕೆಂದಿದ್ದಳು. ಕೊಡೆಯ ಅಂಗಡಿಯಲ್ಲಿ ಬಣ್ಣವನ್ನೂ ನೋಡಿರಲಿಲ್ಲ. ಅಂಗಡಿಯಿಂದ ಅಂಗಡಿಗೆ ಅಯಸ್ಕಾಂತವನ್ನು ಮುಷ್ಟಿಯಲ್ಲಿ ಹಿಡಿದು ನಡೆದಿದ್ದಳು ಅಷ್ಟೆ.

ಸಂಜೆಯ ರೈಲಿನಲ್ಲಿ ರವೀಶ್ ನನ್ನ ತೊಡೆಯ ಮೇಲೆ ಮಲಗಿದ. ಹೆಗ್ಗೆರೆ ದಾಟಿರಬೇಕು, ಅವಳು ಊಟದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಅದರ ಮುಚ್ಚಳವನ್ನೇ ನೋಡುತ್ತ, ‘ತಾತ, ಸ್ಟೀಲು ಕಬ್ಬಿಣ ಅಲ್ಲ ಅಂತ ನೀವೇ ಹೇಳಿದ್ರಿ’ ಎಂದಳು. ಹೇಳಿದೆ ಎಂದೆ. ‘ಅಂಗ್ಡಿಯವ್ನ ಮುಂದೇನೂ ಹೇಳಿದ್ರಿ.’ ಹೌದು ಎಂದೆ. ‘ಡಾಕ್ಟ್ರಮ್ಮನ ಚಾಕೂ ಸ್ಟೀಲೇ ತಾತ’ ಎಂದು ಹೇಳಿ, ನನ್ನ ಮುಖ ಕಾಣದಂತೆ ಕಿಟಕಿಯ ಕಡೆ ತಿರುಗಿದಳು.

ವನಜಾಕ್ಷಿ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಂಡಿತನಾಗಿದ್ದವನು, ಎಷ್ಟೋ ಸಭೆಗಳಲ್ಲಿ ಖಂಡನ ಮಂಡನಗಳನ್ನು ನಡೆಸಿದವನು ನಾನು. ಒಂದು ಇಡೀ ದಿನ ಪಾತ್ರೆ, ಬೂಟು, ಪೆನ್ನು ಎಂದು ಒಂದೊಂದೇ ಮೆಟ್ಟಿಲು ಕಟ್ಟಿ, ನನ್ನಿಂದಲೇ ಒಪ್ಪಿಗೆ ಪಡೆದು, ಬೇಕೆಂದೇ ಒಂದು ಕೈವಾರವನ್ನು ಬಿಟ್ಟುಕೊಟ್ಟು ನನ್ನ ನಂಬಿಕೆ ಗಳಿಸಿ, ಕೊನೆಯಲ್ಲಿ ಒಂದೇ ಮಾತಿನಿಂದ ಬಾಗಿಲು ಮುಚ್ಚಿದ ಪ್ರತಿವಾದಿಯನ್ನು ನಾನು ಇದುವರೆಗೆ ಕಂಡಿರಲಿಲ್ಲ. ಯೋಚಿಸುತ್ತೇನೆ ಎಂದೆ. ಅವಳು ಹೂಂ ಎಂದಳು. ಅವಳ ಬೆನ್ನು ಅಲುಗುತ್ತಿತ್ತು. ರೈಲಿನ ಕುಲುಕಾಟವೆಂದುಕೊಂಡೆ.

ಈ ಬೆಳಿಗ್ಗೆ ಪೂಜೆ ಮುಗಿಸಿ, ಪ್ರತಿಯೊಂದು ಪುಸ್ತಕದ ಮೊದಲ ಹಾಳೆಯಲ್ಲೂ ಶ್ರೀಕಾರ ಬರೆದು ಮೂಲೆಗಳಿಗೆ ಅರಿಸಿನ ಹಚ್ಚಿದೆ. ಹೆಸರಿನ ಚೀಟಿಗಳ ಮೇಲೆ ‘ಚಿರಂಜೀವಿ’ ಎಂದು ಸೇರಿಸಬಾರದೆಂದು ಇಬ್ಬರೂ ಬೇಡಿಕೊಂಡರು, ಒಪ್ಪಿದೆ. ಆಮೇಲೆ ಈ ಕಾಗದಕ್ಕೆ ಕುಳಿತೆ. ಈಗ ನನ್ನ ಉತ್ತರ: ವಾದದಲ್ಲಿ ಸೋತವನು ಸೋಲನ್ನು ಒಪ್ಪಿಕೊಳ್ಳುವುದು ಧರ್ಮ. ಅಂಟದಿರುವುದು ಕಬ್ಬಿಣವಲ್ಲ, ಸ್ಟೀಲು ಅಂಟಲಿಲ್ಲ, ವೈದ್ಯರ ಶಸ್ತ್ರ ಸ್ಟೀಲಿನದು. ಆದಕಾರಣ ಬರುವ ಶನಿವಾರದ ಶಸ್ತ್ರಕ್ರಿಯೆಗೆ ನಮ್ಮ ಮನೆಯ ನಿಯಮದಿಂದ ಯಾವ ಬಾಧಕವೂ ಇಲ್ಲವೆಂದು ನಿರ್ಣಯಿಸಿದ್ದೇನೆ. ಇದನ್ನು ಸಂಧ್ಯೆಗೆ ಆಗಲೇ ತಿಳಿಸಿದೆ. ಅವಳು ಹಿತ್ತಿಲಿಗೆ ಹೋಗಿ, ಬಹಳ ಹೊತ್ತು ಮುಖ ತೊಳೆದುಕೊಂಡು ಬಂದು, ಎರಡು ಸಲ ಬಡಿಸಿಕೊಂಡು ತಿಂದ ತಿಂಡಿಯನ್ನು ಮೂರನೆಯ ಸಲವೂ ಕೇಳಿದಳು.

ನಿನ್ನ ತಂದೆತಾಯಿಯರಿಗೆ ನನ್ನ ವಂದನೆಗಳು. ಹೆದರಬೇಡ, ನರಸಿಂಹನು ನಿನ್ನ ತಲೆಯ ಹತ್ತಿರವೇ ನಿಂತಿರಲಿ. ಸುಖವಾಗಿ ಹೆತ್ತು, ಮೂವರಿಗೂ ತಾಯಿಯಾಗಿ ಮನೆಗೆ ಬಾ.

ಇಂತು, ನಿನ್ನ ಒಳಿತನ್ನೇ ಬೇಡುವ ಮಾವ,
ಲಕ್ಷ್ಮೀನರಸಿಂಹಯ್ಯ

ಮತ್ತೆ ಸೇರಿಸಿದ್ದು: ಸಹಿ ಹಾಕಿದ ಮೇಲೆ, ಡಬ್ಬಿ ಏನನ್ನೂ ಕೊಯ್ಯುವುದಿಲ್ಲ, ಚಾಕು ಕೊಯ್ಯುತ್ತದೆ, ಅದನ್ನೂ ಒಮ್ಮೆ ನೋಡಿಬಿಡಬೇಕೆನಿಸಿತು. ಅಡುಗೆಮನೆಗೆ ಹೋಗಿ ಸ್ಟೀಲಿನ ಚಾಕುವಿನ ಅಲಗಿಗೆ ಅಯಸ್ಕಾಂತ ಹಿಡಿದೆ. ಟಕ್ಕೆಂದು ಅಂಟಿತು. ಬಿಡಿಸಿ ಹಿಡಿದೆ, ಮತ್ತೆ ಅಂಟಿತು. ಹುರುಳಿಕಾಯಿ ಸೋಸುತ್ತಿದ್ದ ನಿನ್ನ ಅತ್ತೆ ನೋಡಿದಳು. ಕಾರ್ಡು ಬಂದ ಮೇಲೆ ಮೊದಲ ಬಾರಿಗೆ ಬಾಯಿ ಬಿಟ್ಟು, ‘ಈಗೇನ್ ಮಾಡ್ತೀರಿ?’ ಎಂದಳು. ‘ಕಾಗದ ಅಂಟಿಸ್ತೀನಿ’ ಎಂದೆ. ನನ್ನನ್ನೇ ನೋಡಿ, ‘ತಡೀರಿ, ಅಗುಳು ತರ್ತೀನಿ’ ಎಂದು ಮಕ್ಕಳ ಅನ್ನದಿಂದ ಒಂದಿಷ್ಟು ಅಗುಳು ತಂದಿಟ್ಟಳು. ಅವು ಲಕೋಟೆಯ ಪಕ್ಕದಲ್ಲಿ ಒಣಗುತ್ತಿವೆ. ಕೃಷ್ಣಕುಮಾರ ಇದನ್ನು ಒಯ್ಯಲು ಚಪ್ಪಲಿ ಮೆಟ್ಟಿ ನಿಂತಿದ್ದಾನೆ. ಮೇಲೆ ಬರೆದುದರಲ್ಲಿ ಒಂದಕ್ಷರವನ್ನೂ ಹೊಡೆದುಹಾಕಿಲ್ಲ. ಕಬ್ಬಿಣವಾದರೆ ಕಬ್ಬಿಣವೇ ಆಗಲಿ, ಶನಿವಾರವೇ ಆಗಲಿ, ನೀನು ಮಂಚ ಹತ್ತು ಮಗಳೇ. ಶನಿದೇವನಿಗೆ ಹೇಳಬೇಕಾದುದನ್ನು ಎಳ್ಳೆಣ್ಣೆಯ ದೀಪ ಹಚ್ಚಿಟ್ಟು ನಾನು ಹೇಳಿಕೊಳ್ಳುತ್ತೇನೆ. ಅದು ನನಗೂ ಅವನಿಗೂ ಇರುವ ಮಾತು. ಚಾಕುವಿನ ವಿಷಯ ಸಂಧ್ಯೆಗೆ ಮಾತ್ರ ತಿಳಿಯದಿರಲಿ. ಅಯಸ್ಕಾಂತವನ್ನು ದೇವರ ಗೂಡಿನಲ್ಲಿ ಗಂಟೆಯ ಹಿಂದೆ ಬಚ್ಚಿಟ್ಟಿದ್ದೇನೆ. ಅವಳು ನಾಳೆ ಗೆದ್ದವಳಾಗಿಯೇ ಹೈಸ್ಕೂಲಿಗೆ ಹೋಗಲಿ.